ಕಾರ್ಕಳದ ಮಹಾಪರ್ವತ

ಬೆಳಿಗ್ಗೆ ಮಣಿಪಾಲದ ಕಾಲೇಜೊಂದರಲ್ಲಿ ಕಲ್ಲು ಪುಡಿ ಮಾಡುವ ಯಂತ್ರ ಒಮ್ಮೆ ಕೆಮ್ಮಿತು, ಗಡಗಡ ನಡುಗಿತು, ಮಲಗಿಬಿಟ್ಟಿತು. ವಿಜಯೀಂದ್ರನಿಗೂ ಅದರ ಪಕ್ಕದಲ್ಲೇ ಮಲಗಬೇಕೆನಿಸಿತು.

ಬಾದಾಮಿ ಕಡೆಯಿಂದ ತಂದ ಒಂದೇ ಒಂದು ಚೀಲ ಮರಳುಗಲ್ಲು ಅವನಲ್ಲಿತ್ತು. ಆ ಕಲ್ಲಿನ ಮರಳು ಕೋಟ್ಯಂತರ ವರ್ಷಗಳ ಹಿಂದೆ ಯಾವ ಬೆಟ್ಟದಿಂದ ಹರಿದು ಬಂತು ಎನ್ನುವುದೇ ಅವನ ಪಿಎಚ್‌ಡಿ. ಮರಳಿನಲ್ಲಿ ಝಿರ್ಕಾನ್ ಎಂಬ, ಸಾಸಿವೆಗಿಂತ ಎಷ್ಟೋ ಸಣ್ಣ ಹರಳುಗಳಿರುತ್ತವೆ. ಅವುಗಳ ವಯಸ್ಸು ಅಳೆದು, ಪುಡಿಯ ರಾಸಾಯನಿಕ ಪರೀಕ್ಷೆಯನ್ನೂ ಮಾಡಿದರೆ ಮರಳಿನ ಹುಟ್ಟೂರು ತಿಳಿಯುತ್ತದೆ. ಅವನ ಗೈಡು ಮಧ್ವರಾಜ ಸರ್ ಬಹಳ ಹಿಂದೆಯೇ ಹೀಗೆ ಅಳೆದು, ಭೂಖಂಡಗಳು ಡಿಕ್ಕಿ ಹೊಡೆದಾಗ ಕಾರ್ಕಳದ ಕಡೆ ಒಂದು ಮಹಾಪರ್ವತ ಎದ್ದಿತ್ತು, ಮರಳೆಲ್ಲ ಅಲ್ಲಿಯದೇ ಎಂದು ಸಾರಿ ಹೆಸರು ಮಾಡಿದ್ದರು. ವಿಜಯೀಂದ್ರನ ಪ್ರಬಂಧದ ಆರು ಅಧ್ಯಾಯಗಳು ಆ ಪರ್ವತದ ಮೇಲೆ ಹತ್ತಿ ಕೂತಿದ್ದವು. ಉಳಿದಿದ್ದ ಕೊನೆಯ ಅಧ್ಯಾಯಕ್ಕೆ ಇವತ್ತು ಸಂಜೆಯೊಳಗೆ ಪುಡಿ ಪರೀಕ್ಷೆಗೆ ಹೊರಡಬೇಕು. ಹೊರಡದಿದ್ದರೆ ಅವಧಿ ಮುಗಿಯಿತು, ಪಿಎಚ್‌ಡಿಯೂ ಮುಗಿಯಿತು.

ಅವನು ಚೀಲ ಹೊತ್ತು ಕಾಪುವಿನ ಬಾಡಿಗೆ ಕೋಣೆಗೆ ಓಡಿದ. ಕಲ್ಲನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ ಜಗಲಿಯಲ್ಲಿ ಸುತ್ತಿಗೆಯಿಂದ ಬಡಿಯತೊಡಗಿದ.

ಪಕ್ಕದ ಮನೆಯ ಕುಶಲಕ್ಕ ಒಗ್ಗರಣೆ ಸೌಟಿನ ಸಮೇತ ಬಂದರು. "ಎಂತ ಮಾರಾಯ, ಮನೆ ಕೆಡವುವುದಾ?"

"ಕಲ್ಲಿನ ವಯಸ್ಸು ನೋಡ್ಲಿಕ್ಕೆ ಕುಶಲಕ್ಕ."

"ಅದಕ್ಕೆ ಸಂಬಂಧ ನೋಡ್ಲಿಕ್ಕುಂಟಾ? ಮೊದಲು ನಿನ್ನ ವಯಸ್ಸು ನೋಡು!"

ಮನೆಯೊಡತಿ ಝೀಟಾ ಬಾಯಿ ಬಟ್ಟೆಯ ಗಂಟು ಬಿಚ್ಚಿ ಇಣುಕಿದರು. "ಇದು ನುಚ್ಚಿನ ಹಾಗೆ ಉಂಟಲ್ಲ ಮಗಾ. ಎಷ್ಟು ನುಣ್ಣಗೆ ಆಗಬೇಕು?"

"ರವೆಯಷ್ಟು ಬಾಯಮ್ಮ. ಆದರೆ ನೀವು ಮುಟ್ಟಬೇಡಿ."

"ಆಯ್ತು, ಆಯ್ತು. ಬೆವರಿ ಉಪ್ಪಿನಕಾಯಿ ಆಗಿದ್ದೀ. ಸ್ನಾನ ಮಾಡಿ ಬಾ."

ಅವನು ಹೋದ. ಮುಟ್ಟಬೇಡಿ ಎಂದರೆ ಹುಡುಗ ಸಂಕೋಚಪಡುತ್ತಿದ್ದಾನೆ ಎಂದೇ ಆ ಇಬ್ಬರೂ ತಿಳಿದರು. ತಲೆ ಒರೆಸುತ್ತಾ ಅವನು ಹೊರಗೆ ಬರುವಾಗ ಬೀಸುವ ಕಲ್ಲಿನ ಆಚೆ ಒಬ್ಬರು, ಈಚೆ ಒಬ್ಬರು ಕಾಲು ಚಾಚಿ ಕೂತು, ಒಂದೇ ಗೂಟ ಹಿಡಿದು ಗರಗರ ತಿರುಗಿಸುತ್ತಿದ್ದರು. ಚೀಲ, ಬಟ್ಟೆ ಎರಡೂ ಖಾಲಿ.

"ಅಯ್ಯೋ ಬಾಯಮ್ಮಾ!"

"ಹೆದರಬೇಡ. ಕಲ್ಲು ಒರೆಸಿಯೇ ಬೀಸಿದ್ದು. ಅಕ್ಕಿ ಹಿಟ್ಟು ಒಂದು ಚೂರೂ ಸೇರಲಿಲ್ಲ."

"ಅಕ್ಕಿ ಹಿಟ್ಟು ಸೇರಿದ್ದರೆ ತೊಂದರೆ ಇರಲಿಲ್ಲ! ಈ ಬೀಸುವ ಕಲ್ಲು ಎಲ್ಲಿಯದು?"

"ಕಾರ್ಕಳದ್ದು," ಎಂದರು ಝೀಟಾ ಬಾಯಿ ಹೆಮ್ಮೆಯಿಂದ. "ಮೊನ್ನೆಯಷ್ಟೇ ಉಳಿ ಹೊಡೆಸಿದ್ದು. ಅದರದ್ದೇ ಸ್ವಲ್ಪ ಪುಡಿ ಉದುರ್ತದೆ, ಅಷ್ಟೇ."

ವಿಜಯೀಂದ್ರ ನಿಂತಲ್ಲೇ ಕೂತುಬಿಟ್ಟ. ಬಾದಾಮಿಯ ಮರಳೂ ಕಾರ್ಕಳದ ಕಲ್ಲೂ ದೋಸೆಹಿಟ್ಟಿನ ಅಕ್ಕಿ-ಉದ್ದಿನ ಹಾಗೆ ಒಂದಾಗಿದ್ದವು. ಇನ್ನು ಬೇರೆ ಮಾಡುವವರು ಯಾರು?

ಪುಡಿಯ ಡಬ್ಬಿ ಹಿಡಿದು ಬಸ್ಸು ಹತ್ತಿದಾಗ ಕೆಟ್ಟ ಯೋಚನೆಯೂ ಜೊತೆಗೆ ಹತ್ತಿತು. ಹೀಗೆಯೇ ಕಳಿಸಿಬಿಟ್ಟರೆ? ಕಾರ್ಕಳ ಎಂದೇ ಉತ್ತರ ಬರುತ್ತದೆ. ಸರ್ ಕುಣಿದಾಡುತ್ತಾರೆ! ಆದರೆ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುವ ಜನ್ಮ ಅವನದು. ಈಗ ಬರೀ ಯೋಚನೆಗೇ ಉಡುಪಿ ತಲುಪುವ ಮೊದಲು ಬಿಕ್ಕಳಿಕೆ ಶುರುವಾಯಿತು. ಮಣಿಪಾಲದಲ್ಲಿ ಇಳಿದು ಸೀದಾ ಸರ್ ಮನೆಗೆ ಹೋಗಿ, ಬಿಕ್ಕಳಿಸುತ್ತಲೇ ಎಲ್ಲವನ್ನೂ ಹೇಳಿದ.

ಸರ್ ಕನ್ನಡಕ ಕುಣಿಯಿತು. "ಅಡಿಗೆಮನೆಯ ಕಲ್ಲಿನಲ್ಲಿ ಬೀಸಿದ್ದಾ! ಇಷ್ಟು ವರ್ಷ ನಾನು ಕಲಿಸಿದ್ದು ಇದನ್ನಾ? ನನ್ನ ಪುಡಿಯಲ್ಲಿ ಹೊರಗಿನ ಒಂದು ಕಣ ಇತ್ತಾ?"

ಸರ್ ತಾಯಿ, ಎಂಬತ್ತು ದಾಟಿದ ಸುಭಾಷಿಣಿಯಮ್ಮ, ಕಾಫಿ ತಂದಿಟ್ಟರು. "ಆ ಹುಡುಗನಿಗೆ ಯಾಕೆ ಬೈಯುವುದು? ನಿನ್ನದನ್ನು ಬೀಸಿದ್ದು ಯಾರು?"

"ಯಾವುದನ್ನು ಅಮ್ಮ?"

"ಅದೇ, ನೀನು ಫಾರಿನ್ನಿಗೆ ಕಳಿಸಿದ ಪುಡಿ. ಮೆಷಿನ್ನಿನದ್ದು ಬರೀ ನುಚ್ಚು. ಅಲ್ಲಿಯವರು ನೋಡಿದರೆ ಮರ್ಯಾದೆ ಉಂಟಾ? ನೀನು ಮಧ್ಯಾಹ್ನ ಮಲಗಿದ್ದಾಗ ನಾನೇ ಬೀಸಿ ಇಟ್ಟೆ. ನನ್ನ ತವರಿನ ಕಾರ್ಕಳದ ಕಲ್ಲು! ಎಷ್ಟು ಚಂದ ಬೀಸ್ತದೆ ಗೊತ್ತುಂಟಾ?"

ಸರ್ ಕನ್ನಡಕ ತೆಗೆದು ಕಾಫಿ ಲೋಟದ ಪಕ್ಕದಲ್ಲಿಟ್ಟರು.

ವಿಜಯೀಂದ್ರನ ಬಿಕ್ಕಳಿಕೆ ಫಕ್ಕನೆ ನಿಂತಿತು. ಇನ್ನು ತನಗೆ ಬೈಯುವವರಿಲ್ಲ ಎಂದು ಒಂದು ಕ್ಷಣ ಹಿಗ್ಗಿದ. ಮರುಕ್ಷಣ ಅವನ ಆರು ಅಧ್ಯಾಯಗಳು ಇಲ್ಲದ ಪರ್ವತದಿಂದ ಒಂದೊಂದಾಗಿ ಉರುಳತೊಡಗಿದವು.

"ಸರ್, ಈಗ ಎಂತ ಮಾಡುವುದು?"

ಮಧ್ವರಾಜ ಸರ್ ನಿಧಾನವಾಗಿ ಕಾಫಿ ಆರಿಸಿ ಒಂದು ಗುಟುಕು ಕುಡಿದರು.

"ನಾನು ಮುಂದಿನ ತಿಂಗಳು ರಿಟೈರ್ ಆಗ್ತೇನೆ ಮಾರಾಯ. ನಿನ್ನದೇ ಚಿಂತೆ ನನಗೆ."