ಬಿಯರ್ ತೀರ್ಪುಗಾರನ ಮೂಗಿನ ಮಹಾತ್ಮೆ

ನನ್ನ ಮೂಗಿನ ಬಗ್ಗೆ ನನಗೆ ಮೊದಲಿನಿಂದಲೂ ದೊಡ್ಡ ಅಭಿಪ್ರಾಯ. ನೋಡುವುದಕ್ಕೂ ಅದು ದೊಡ್ಡದೇ, ಆ ಮಾತು ಬೇರೆ. ಕಿವಿಯ ಯೋಗ್ಯತೆಯಂತೂ ಊರಿಗೆಲ್ಲ ಗೊತ್ತು. ನಮ್ಮ ಫ್ಯೋರ್ಡ್‌ನ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ, ಎರಡೂ ದಡದ ಚರ್ಚುಗಳಲ್ಲಿ ಆರ್ಗನ್ ವಾದ್ಯಕ್ಕೆ ಶ್ರುತಿ ಕೂಡಿಸುವವನು ನಾನು. ಸಾವಿರ ಕೊಳವೆಗಳಲ್ಲಿ ಒಂದೇ ಒಂದು ಅಪಸ್ವರ ಎತ್ತಿದರೂ ನನ್ನ ಕಿವಿ ಅದನ್ನು ಕತ್ತು ಹಿಡಿದು ಎಳೆದು ತರುತ್ತದೆ. ಕಿವಿಯೇ ಇಷ್ಟು ಸೂಕ್ಷ್ಮವಾದರೆ ಪಕ್ಕದಲ್ಲೇ ಇರುವ ಮೂಗು ಇನ್ನೆಷ್ಟು ಸೂಕ್ಷ್ಮವಿರಬೇಡ! ಹೀಗೆಂದು ಯೋಚಿಸಿ, ನನ್ನ ಐವತ್ತೆರಡನೆಯ ಹುಟ್ಟುಹಬ್ಬದ ದಿನ ಕೇಕಿನ ಮುಂದೆ ನಿಂತು ಘೋಷಿಸಿಯೇ ಬಿಟ್ಟೆ. ವರ್ಷ ತುಂಬುವುದರೊಳಗೆ ನಾನು ಪ್ರಮಾಣಪತ್ರ ಪಡೆದ ಬಿಯರ್ ತೀರ್ಪುಗಾರನಾಗುತ್ತೇನೆ, ಈ ಜಿಲ್ಲೆಯಲ್ಲಿ ಮನೆಯಲ್ಲಿ ಬಿಯರ್ ಕಾಯಿಸುವ ಪ್ರತಿಯೊಬ್ಬರೂ ನನ್ನ ಮೂಗಿನ ಮುಂದೆ ನಡುಗುತ್ತಾರೆ!

ನನ್ನ ಹೆಂಡತಿ ಗುನ್ವೋರ್ ಕೇಕು ಕತ್ತರಿಸುತ್ತಿದ್ದಳು.

"ಹೋದ ವಾರ ಒಲೆ ಮೇಲೆ ಹಾಲು ಸೀದು ಹೋದಾಗ ಈ ಮೂಗು ಎಲ್ಲಿಗೆ ಹೋಗಿತ್ತು?" ಅಂದಳು.

"ಅದು ಹಾಲು. ನಾನು ಹೇಳ್ತಿರೋದು ಬಿಯರ್ ವಿಷಯ."

ಅವಳು ನನಗೊಂದು ಚೂರು ಕೇಕು ಕೊಟ್ಟು ಮಾತು ಮುಗಿಸಿದಳು. ಇಪ್ಪತ್ನಾಲ್ಕು ವರ್ಷ ನನ್ನ ಜೊತೆ ಬಾಳಿದವಳು, ಎಲ್ಲಿ ಮಾತು ನಿಲ್ಲಿಸಬೇಕೆಂದು ಚೆನ್ನಾಗಿ ಬಲ್ಲಳು.

ತರಬೇತಿಯ ಪೆಟ್ಟಿಗೆ ಅಂಚೆಯಲ್ಲಿ ಬಂತು. ಅದರೊಳಗೆ ಸಾಲಾಗಿ ಮಾತ್ರೆಗಳು, ನಾವು ಜ್ವರಕ್ಕೆ ನುಂಗುವ ಕ್ಯಾಪ್ಸೂಲ್‌ಗಳ ಹಾಗೆಯೇ. ಒಂದೊಂದರಲ್ಲೂ ಬಿಯರ್ ಮಾಡಬಹುದಾದ ಒಂದೊಂದು ಪಾಪ ಪುಡಿಯಾಗಿ ಕೂತಿತ್ತು. ಒಂದರಲ್ಲಿ ಒದ್ದೆ ರಟ್ಟಿನ ವಾಸನೆ, ಒಂದರಲ್ಲಿ ಬೆಂದ ಜೋಳದ್ದು, ಇನ್ನೊಂದರಲ್ಲಿ ಬೆಣ್ಣೆಯದು. ಬೆಣ್ಣೆ ರೊಟ್ಟಿಯ ಮೇಲಿದ್ದರೆ ಪುಣ್ಯ, ಬಿಯರ್‌ನಲ್ಲಿದ್ದರೆ ಮಹಾಪಾಪ. ಕಾಯಿಸಿದವರು ಅವಸರ ಮಾಡಿದ್ದಾರೆ, ಇಲ್ಲವೇ ಪಾತ್ರೆ ತೊಳೆದಿಲ್ಲ ಎಂದು ಅರ್ಥ. ಮಾತ್ರೆ ಒಡೆದು ಒಳ್ಳೆಯ ಬಿಯರ್‌ಗೆ ಬೆರೆಸಬೇಕು, ಮೂಸಿ ಮೂಸಿ ಮನದಟ್ಟು ಮಾಡಿಕೊಳ್ಳಬೇಕು. ಬೆರೆಸಿ ತರುವ ಕೆಲಸ ಗುನ್ವೋರ್‌ಗೆ, ಕಣ್ಣು ಮುಚ್ಚಿ ಗುರುತಿಸುವ ಗಂಡಸ್ತನ ನನಗೆ. ಸರಿಯಾಗಿ ಬೆರೆತಿದೆಯೋ ಇಲ್ಲವೋ ನೋಡಲು ಅವಳೂ ಅಡುಗೆಮನೆಯಲ್ಲಿ ಒಂದೊಂದು ಸಲ ಮೂಸುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆಮೇಲೆ ಅಂಕಪಟ್ಟಿಯ ಪಾಠ. ಒಟ್ಟು ಐವತ್ತು ಅಂಕ: ಪರಿಮಳಕ್ಕೆ ಹನ್ನೆರಡು, ರೂಪಕ್ಕೆ ಬರೀ ಮೂರು, ರುಚಿಗೆ ಇಪ್ಪತ್ತು, ಬಾಯಲ್ಲಿ ಹೇಗನಿಸುತ್ತದೆ ಎನ್ನುವುದಕ್ಕೆ ಐದು, ಒಟ್ಟಾರೆಗೆ ಹತ್ತು. ಎಂಥ ಕೆಟ್ಟ ಬಿಯರ್ ಆದರೂ ಮೊದಲು ಒಂದು ಒಳ್ಳೆಯ ಮಾತು ಬರೆಯಬೇಕು, ಆಮೇಲೆ ದೋಷ, ಕೊನೆಗೆ ಪರಿಹಾರ. ಯಾರು ಕಾಯಿಸಿದ್ದು ಎಂದು ಗೊತ್ತಾಗಬಾರದು, ಅದಕ್ಕೇ ಬಾಟಲಿಗೆ ಚೀಟಿಯಿಲ್ಲ, ಮುಚ್ಚಳಕ್ಕೆ ಕಪ್ಪು ಮಸಿ. ಒಂದೇ ಮನೆಯ ಇಬ್ಬರು ಒಂದೇ ಮೇಜಿನಲ್ಲಿ ಕೂರುವಂತಿಲ್ಲ. ಜೊತೆ ಕೂತ ಇಬ್ಬರು ತೀರ್ಪುಗಾರರ ಅಂಕಗಳ ನಡುವೆ ಏಳಕ್ಕಿಂತ ಹೆಚ್ಚು ಅಂತರ ಬರಕೂಡದು.

ಇಷ್ಟು ವಿದ್ಯೆ ತಲೆಗೆ ಹತ್ತಿದ ಮೇಲೆ ಸುಮ್ಮನಿರಲು ಸಾಧ್ಯವೇ? ಒಂದು ಭಾನುವಾರ ಗುನ್ವೋರ್ ಕುರಿಮಾಂಸ, ಎಲೆಕೋಸು ಹಾಕಿ ಸಾರು ಮಾಡಿದಳು. ನಾನು ಊಟದ ಮಧ್ಯೆ ಅಂಕಪಟ್ಟಿ ತೆಗೆದು ತುಂಬಿ, ವಿನಯದಿಂದ ಅವಳ ತಟ್ಟೆಯ ಪಕ್ಕ ಇಟ್ಟೆ.

"ಇಪ್ಪತ್ತೊಂಬತ್ತಾ?" ಅಂದಳು.

"ಇಪ್ಪತ್ತೊಂಬತ್ತು ಅಂದ್ರೆ 'ಚೆನ್ನಾಗಿದೆ' ಅಂತ ಅರ್ಥ. ಪುಸ್ತಕದಲ್ಲಿದೆ, ಬೇಕಾದ್ರೆ ನೋಡು."

"ಹೋದ ತಿಂಗಳು ಇದೇ ಸಾರನ್ನ ಮೂರು ಸಲ ಬಡಿಸ್ಕೊಂಡು ತಿಂದೆ."

"ಆಗ ನನಗೆ ತರಬೇತಿ ಆಗಿರಲಿಲ್ಲ."

ಅವಳು ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಹಾಕಿ ಅಂಟಿಸಿದಳು. ನನ್ನ ವಿದ್ವತ್ತಿಗೆ ಸಂದ ಗೌರವ ಎಂದು ನಾನು ತಿಳಿದೆ.

ಪರೀಕ್ಷೆ ಬರ್ಗೆನ್‌ನಲ್ಲಿ ನಡೆಯಿತು. ಎರಡು ತಿಂಗಳಾದ ಮೇಲೆ ಲಕೋಟೆ ಬಂತು. ನೂರಕ್ಕೆ ಎಪ್ಪತ್ತೊಂದು! ಪಾಸು! ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದು ನೋಡಿದರೆ ಮೇಜಿನ ಮೇಲೆ ಅಂಥದ್ದೇ ಇನ್ನೊಂದು ಲಕೋಟೆ. ಅದರ ಮೇಲೆ ಗುನ್ವೋರ್ ಹೆಸರು, ಒಳಗೆ ಎಂಬತ್ತೆಂಟು. ನನ್ನ ಕುಣಿತ ಅರ್ಧದಲ್ಲೇ ನಿಂತಿತು.

"ಕಾರು ಓಡಿಸ್ಕೊಂಡು ನಿನ್ನ ಕರ್ಕೊಂಡು ಹೋದವಳು ನಾನೇ ತಾನೆ?" ಅಂದಳು. "ಹೊರಗೆ ಮಳೆ. ಒಳಗೆ ಒಂದು ಕುರ್ಚಿ ಖಾಲಿ ಇತ್ತು. ಕೂತೆ."

ಪಾಸಾದ ಮಾತ್ರಕ್ಕೆ ನಮ್ಮ ಕಡೆ ಎದೆಯ ಮೇಲೆ ಬಿಲ್ಲೆ ಬರುವುದಿಲ್ಲ. ಜಿಲ್ಲಾ ಸ್ಪರ್ಧೆಯಲ್ಲಿ, ಮುಖ್ಯ ತೀರ್ಪುಗಾರ್ತಿ ಥೋರಾ ಅವರ ಕಣ್ಣೆದುರು ಒಂದು ಮೇಜಿನ ಬಿಯರ್‌ಗಳನ್ನೆಲ್ಲ ನ್ಯಾಯವಾಗಿ ತೂಗಿ ಮುಗಿಸಬೇಕು. ಆಗಷ್ಟೇ ಬಿಲ್ಲೆ. ಪಶುವೈದ್ಯೆಯಾಗಿದ್ದವರು ಥೋರಾ, ದನಗಳ ಹತ್ತಿರವೂ ನಮ್ಮ ಹತ್ತಿರವೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. ಆ ಬಿಲ್ಲೆ ನನಗೆ ಬೇಕೇ ಬೇಕಿತ್ತು. ಎಂಬತ್ತೆಂಟರ ಎದುರು ಎಪ್ಪತ್ತೊಂದು ದಿನಾ ಕೂತು ಕಾಫಿ ಕುಡಿಯುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಕಾಫಿ ಎಂದೆನಲ್ಲ, ಸ್ಪರ್ಧೆಗೆ ಎರಡು ವಾರ ಮೊದಲೇ ಮನೆಯಲ್ಲಿ ಅದಕ್ಕೂ ನಿಷೇಧ ಹೇರಿದೆ. ತೀರ್ಪುಗಾರನ ಮೈಮೇಲೆ ಯಾವ ಪರಿಮಳವೂ ಇರಬಾರದು ಎಂಬುದು ನಿಯಮ. ನಾನು ಅದನ್ನು ಇಡೀ ಮನೆಗೆ ಅನ್ವಯಿಸಿದೆ. ಈರುಳ್ಳಿ ಇಲ್ಲ, ಸುವಾಸನೆಯ ಸೋಪಿಲ್ಲ, ಮೀಸೆಗೆ ಹಚ್ಚುವ ಮೇಣವೂ ಇಲ್ಲ. ಗುನ್ವೋರ್ ಏಲಕ್ಕಿ ಬನ್ ಬೇಯಿಸಲು ಹಿಟ್ಟು ಹೊತ್ತುಕೊಂಡು ತಂಗಿಯ ಮನೆಗೆ ಹೋಗಬೇಕಾಯಿತು. ಕಾಗದದ ಕರವಸ್ತ್ರಕ್ಕೂ ಒಂದು ವಾಸನೆಯಿದೆ ಎಂದು ಹಟ ಹಿಡಿದು, ಹತ್ತಿಯ ಕರ್ಚೀಫೊಂದನ್ನು ಸೋಪಿಲ್ಲದೆ ಏಳು ಸಲ ನೀರಿನಲ್ಲಿ ಕುದಿಸಿದೆ. ಏಳನೆಯ ಸಲ ಅವಳು ಒಲೆಯ ಹತ್ತಿರ ಬಂದು, ಉಪ್ಪು ಸರಿಯಾಗಿದೆಯೇ ಎಂದು ಕೇಳಿ ಹೋದಳು.

ಹೊರಡುವ ಮುನ್ನ ನನಗೊಂದು ಮಹಾ ಯೋಚನೆ ಹೊಳೆಯಿತು. ಆರ್ಗನ್ ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿ ಶ್ರುತಿ ಕವೆ ಇರುತ್ತದೆ; ಸಂದೇಹ ಬಂದರೆ ಒಮ್ಮೆ ತಟ್ಟಿ ಕೇಳಿ ಕಿವಿಯನ್ನು ಸರಿ ಮಾಡಿಕೊಳ್ಳುತ್ತೇನೆ. ಮೂಗಿಗೂ ಒಂದು ಶ್ರುತಿ ಕವೆ ಬೇಡವೇ? ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಒಂದು ಬೆಣ್ಣೆ ಮಾತ್ರೆಯನ್ನು ಕೋಟಿನ ಎದೆ ಜೇಬಿಗೆ ಹಾಕಿಕೊಂಡೆ. ಅದರ ಮೇಲೆ ಕರ್ಚೀಫು ಮಡಿಸಿಟ್ಟೆ.

ಊರಿನ ಸಭಾಭವನದಲ್ಲಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರು. ಗುನ್ವೋರ್ ಆ ತುದಿಯಲ್ಲಿ ಕಪ್ಪು ಬಿಯರ್ ಮೇಜಿಗೆ, ನಾನು ಈ ತುದಿಯಲ್ಲಿ ಹೊಂಬಣ್ಣದ ಬಿಯರ್ ಮೇಜಿಗೆ. ನನ್ನ ಜೊತೆಗಾರ ಹಾಲ್ಗೈರ್, ದೋಣಿ ಕ್ಯಾಪ್ಟನ್ ಆಗಿ ನಿವೃತ್ತನಾದವನು, ಹನ್ನೊಂದು ವರ್ಷದಿಂದ ತೀರ್ಪುಗಾರ. ನಮ್ಮ ಪಾಲಿಗೆ ಹನ್ನೆರಡು ಬಿಯರ್.

ಮೊದಲನೆಯದಕ್ಕೆ ನಾನು ಮೂವತ್ತಾರು, ಅವನು ಮೂವತ್ತೈದು. ನೋಡಿ, ಎಂಥ ಮೂಗು! ಮೀಸೆಗೆ ಹತ್ತಿದ ನೊರೆಯನ್ನು ಕರ್ಚೀಫಿನಿಂದ ಗಂಭೀರವಾಗಿ ಒರೆಸಿ ಜೇಬಿಗಿಟ್ಟೆ. ಎರಡನೆಯದಕ್ಕೆ ಇಬ್ಬರೂ ಮೂವತ್ಮೂರು. ಮತ್ತೆ ಒರೆಸಿ ಜೇಬಿಗಿಟ್ಟೆ. ಮೂರನೆಯದರಲ್ಲಿ ನನಗೆ ಎಲ್ಲೋ ದೂರದಲ್ಲಿ ಬೆಣ್ಣೆಯ ಸುಳಿವು ಸಿಕ್ಕಿತು. ಹಾಲ್ಗೈರ್‌ಗೆ ಸಿಗಲಿಲ್ಲ. ನಾಲ್ಕನೆಯದರಲ್ಲಿ ಬೆಣ್ಣೆ ಹತ್ತಿರ ಬಂತು. ಆರನೆಯದರ ಹೊತ್ತಿಗೆ ಬೆಣ್ಣೆ ಮನೆ ಮಾಡಿಕೊಂಡು ಕೂತಿತ್ತು. "ಬಣ್ಣ ಸೊಗಸಾಗಿದೆ. ಆದರೆ ದಯವಿಟ್ಟು ಪಾತ್ರೆ ತೊಳೆಯುವ ಅಭ್ಯಾಸ ಮಾಡಿಕೊಳ್ಳಿ" ಎಂದು ಒಂದೊಂದು ಹಾಳೆಯ ಮೇಲೂ ಬರೆಯುತ್ತ ಹೋದೆ. ಏಳನೆಯ ಬಿಯರ್ ಮೂಗಿನ ಹತ್ತಿರ ತಂದರೆ ಡೈರಿಯ ಬಾಗಿಲು ತೆರೆದಂತಾಯಿತು!

ನಾನು ಹತ್ತೊಂಬತ್ತು ಬರೆದೆ. ಹಾಲ್ಗೈರ್ ನಲವತ್ತೊಂದು ಬರೆದಿದ್ದ.

"ನನಗೆ ಬೆಣ್ಣೆ ಬರ್ತಾ ಇಲ್ಲಪ್ಪಾ," ಅಂದ ಪಾಪ.

ಸಮುದ್ರದ ಗಾಳಿಗೆ ಮೂಗು ಮಂದವಾಗಿರಬಹುದು, ಬೇಸರ ಮಾಡಿಕೊಳ್ಳಬೇಡಿ ಎಂದು ನಾನು ಸಮಾಧಾನ ಹೇಳಿದೆ. ಅವನು ಮತ್ತೊಮ್ಮೆ ಮೂಸಲೆಂದು ನನ್ನ ಕಡೆ ವಾಲಿದ. ವಾಲಿದವನೇ ಹುಬ್ಬು ಗಂಟಿಕ್ಕಿ, ಹೌದು, ಈಗ ಸ್ವಲ್ಪ ಬರುತ್ತಿದೆ ಎಂದ. ನನಗೆ ಆನೆಬಲ ಬಂತು. ಎದ್ದು ನಿಂತು ಸಭೆಗೆ ಕೇಳುವಂತೆ ಆಕ್ಷೇಪ ಎತ್ತಿದೆ. ಲೋಟಗಳ ಮೇಲೆ ಅನುಮಾನ ಪಟ್ಟೆ. ನಲವತ್ತೆಂಟು ಲೋಟ ಮತ್ತೆ ತೊಳೆದದ್ದಾಯಿತು. ಬಾಯಿ ಸ್ವಚ್ಛ ಮಾಡಲು ಇಟ್ಟಿದ್ದ ರೊಟ್ಟಿಯ ಮೇಲೆ ಅನುಮಾನ ಪಟ್ಟೆ. ರೊಟ್ಟಿ ಹೊರಗೆ ಹೋಯಿತು. ಬಿಯರ್ ಸುರಿದು ತರುತ್ತಿದ್ದ ಹೆಂಗಸು ಬೆಳಿಗ್ಗೆ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದದ್ದಾಗಿ ಒಪ್ಪಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಮೂರು ಸಲ ಕೈ ತೊಳೆದು ಬಂದಳು. ಸ್ಪರ್ಧೆ ನಿಂತೇ ಹೋಯಿತು.

ಥೋರಾ ಬಂದರು. ಪ್ರತಿಯೊಂದು ಬಿಯರ್‌ನದೂ ಮೂರು ಬಾಟಲಿ ಇರುತ್ತದೆ. ಏಳನೆಯದರ ಎರಡನೆಯ ಬಾಟಲಿ ತೆರೆದು ಮೂಸಿ, ನನಗೆ ಕೊಟ್ಟರು. ಬೆಣ್ಣೆ ಎಂದೆ. ಆಮೇಲೆ ಅವರೇ ಹೋಗಿ ಇನ್ನೊಂದು ಲೋಟ ತಂದರು. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡು, ಇದುವರೆಗಿನದರಲ್ಲೆಲ್ಲ ಇದೇ ಘೋರ, ಶುದ್ಧ ಬೆಣ್ಣೆ ಎಂದು ತೀರ್ಪು ಕೊಟ್ಟೆ.

"ಇದು ನಲ್ಲಿ ನೀರು, ಓಡ್ವಾರ್," ಅಂದರು ಥೋರಾ.

ಮನುಷ್ಯನಿಗೆ ಸುಮ್ಮನಿರುವ ಅವಕಾಶ ಅಂಥ ಹೊತ್ತಿನಲ್ಲಿ ಸಿಗುತ್ತದೆ. ನಾನು ಅದನ್ನು ಬಳಸಿಕೊಳ್ಳಲಿಲ್ಲ. ಹಾಗಾದರೆ ಊರಿನ ನೀರಿನ ಟ್ಯಾಂಕನ್ನೇ ಪರೀಕ್ಷೆ ಮಾಡಿಸಬೇಕು ಎಂದೆ.

"ಎಂಬತ್ತೆಂಟು ಅಂಕದವರನ್ನ ಕರೀರಿ," ಅಂದರು ಥೋರಾ.

ಗುನ್ವೋರ್ ಆ ತುದಿಯಿಂದ ನಡೆದು ಬಂದಳು. ನೀರು ಮೂಸಿದಳು, ಬಿಯರ್ ಮೂಸಿದಳು, ತಲೆ ಅಲ್ಲಾಡಿಸಿದಳು. ಆಮೇಲೆ ನನ್ನನ್ನು ಮೂಸಿದಳು. ಅರವತ್ತು ಜನರ ಎದುರು ಹಣೆಯಿಂದ ಶುರುಮಾಡಿ, ಮೀಸೆಯ ಹತ್ತಿರ ತುಸು ನಿಂತು, ಎದೆ ಜೇಬಿಗೆ ಬಂದಳು. ಎರಡು ಬೆರಳಿನಿಂದ ಕರ್ಚೀಫನ್ನು ಹೊರಗೆಳೆದಳು. ಏಳು ಸಲ ಕುದಿಸಿದ ಆ ಪರಮ ಪವಿತ್ರ ವಸ್ತ್ರ ಹಳದಿಯಾಗಿ ಅಂಟುತ್ತಿತ್ತು. ಅದರ ಮೂಲೆಗೆ ಮಾತ್ರೆಯ ಸಿಪ್ಪೆ ಮೆತ್ತಿಕೊಂಡಿತ್ತು.

"ಇದೇನಿದು?"

"ಶ್ರುತಿ ಕವೆ," ಅಂದೆ.

"ಕರಗಿದೆ," ಅಂದಳು.

ಒದ್ದೆ ಕರ್ಚೀಫು ಜೇಬಿಗೆ ಹೋದಾಗಲೆಲ್ಲ ಮಾತ್ರೆಯನ್ನು ಕರಗಿಸಿತ್ತು. ನಾನು ಒರೆಸಿಕೊಂಡಾಗಲೆಲ್ಲ ಬೆಣ್ಣೆ ಮೀಸೆಗೆ ಏರಿತ್ತು. ಜನ ನಕ್ಕರು, ನಗಲಿ. ನನಗೆ ನಿಜವಾಗಿ ನಾಚಿಕೆಯಾದದ್ದು ಆ ಹಾಳೆಗಳನ್ನು ನೋಡಿ. ಯಾರೋ ಒಬ್ಬರು ಚಳಿಯಲ್ಲಿ ಶೆಡ್ಡಿನಲ್ಲಿ ನಿಂತು ಕಾಯಿಸಿ, ತಿಂಗಳುಗಟ್ಟಲೆ ಕಾದು, ಹೆಸರಿಲ್ಲದ ಬಾಟಲಿಯನ್ನು ನಂಬಿಕೆಯಿಂದ ನಮ್ಮ ಕೈಗೆ ಕೊಟ್ಟಿದ್ದರು. ಅವರಿಗೆ ನಾನು ಪಾತ್ರೆ ತೊಳೆಯುವುದನ್ನು ಕಲಿಸಲು ಹೊರಟಿದ್ದೆ. ಬೆಣ್ಣೆ ತಿಂದ ಹೆಂಗಸಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವಳು ನನ್ನಿಂದ ಎರಡು ಹೆಜ್ಜೆ ದೂರ ನಿಂತು ಕ್ಷಮಿಸಿದಳು.

ಥೋರಾ ಮೂರನೆಯದರಿಂದ ಮುಂದಿನ ಹಾಳೆಗಳನ್ನೆಲ್ಲ ಹರಿದು, ಹೊಸ ಬಾಟಲಿ ತೆರೆಸಿದರು. ಹಾಲ್ಗೈರ್, ಗುನ್ವೋರ್ ಕೂತು ಹೊಸದಾಗಿ ತೂಗಿದರು. ನಾನು ಹಿಂದಿನ ಕೋಣೆಯಲ್ಲಿ ಲೋಟ ತೊಳೆದೆ. ನಾನು ಹತ್ತೊಂಬತ್ತು ಕೊಟ್ಟಿದ್ದ ಏಳನೆಯ ಬಿಯರ್‌ಗೆ ಚಿನ್ನದ ಪದಕ ಬಂತು. ಗುನ್ವೋರ್‌ಗೆ ಬಿಲ್ಲೆ ಬಂತು. ಶರತ್ಕಾಲದ ಸ್ಪರ್ಧೆಗೆ ಜೇಬಿಲ್ಲದ ಅಂಗಿ ಹಾಕಿಕೊಂಡು ಬಾ, ನೋಡೋಣ ಎಂದು ಥೋರಾ ನನಗೆ ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ, ಸಾರಿನ ಹಾಳೆಯ ಪಕ್ಕದಲ್ಲೇ, ಹೊಸದೊಂದು ಅಂಕಪಟ್ಟಿ ಇತ್ತು. ಸ್ಪರ್ಧಿ: ಓಡ್ವಾರ್. ತೀರ್ಪುಗಾರ್ತಿ: ಗುನ್ವೋರ್. ನಿಯಮದ ಪ್ರಕಾರ ಮೊದಲು ಒಳ್ಳೆಯ ಮಾತು: "ಇಪ್ಪತ್ನಾಲ್ಕು ವರ್ಷವಾದರೂ ಹುಳಿಯಾಗಿಲ್ಲ." ಪರಿಮಳಕ್ಕೆ ಹನ್ನೆರಡಕ್ಕೆ ಎರಡು, ಬೆಣ್ಣೆ. ರೂಪಕ್ಕೆ ಮೂರಕ್ಕೆ ಮೂರು. ರುಚಿಗೆ ಹದಿನೈದು. ಬಾಯಿಗೆ ಐದಕ್ಕೆ ಒಂದು. ನೊರೆ ಜಾಸ್ತಿ ಎಂದು ಟಿಪ್ಪಣಿ. ಒಟ್ಟಾರೆಗೆ ಹತ್ತಕ್ಕೆ ಒಂಬತ್ತು. ಪರಿಹಾರ: ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ಸ್ಪರ್ಧೆಗೆ ಕಳಿಸಬಹುದು. ಒಟ್ಟು ಮೂವತ್ತು.

ಮೂವತ್ತು! ಸಾರಿಗಿಂತ ಒಂದು ಹೆಚ್ಚು! ಇಂಥ ಹೆಂಡತಿಗಾಗಿ ಏನಾದರೂ ತ್ಯಾಗ ಮಾಡಲೇಬೇಕೆನಿಸಿತು. ಸೀದಾ ಬಚ್ಚಲಿಗೆ ಹೋಗಿ, ಇಷ್ಟೆಲ್ಲ ಅನಾಹುತಕ್ಕೆ ಕಾರಣವಾದ ಮೀಸೆಯನ್ನು ಬೋಳಿಸಿಕೊಂಡು ಬಂದು ಅವಳ ಮುಂದೆ ನಿಂತೆ.

ಗುನ್ವೋರ್ ಒಂದು ನಿಮಿಷ ನನ್ನ ಮುಖವನ್ನೇ ನೋಡಿದಳು. ಎದ್ದು ಹೋಗಿ, ಪೆನ್ನು ತೆಗೆದುಕೊಂಡು, ರೂಪದ ಮೂರನ್ನು ಹೊಡೆದು ಹಾಕಿ ಒಂದು ಮಾಡಿದಳು.

ಈಗ ಸಾರು ನನಗಿಂತ ಒಂದು ಅಂಕ ಮುಂದಿದೆ.