ಬೈಗುಳದ ಪಥ್ಯ

ಕಟಿಂಗ್ ಅಂಗಡಿಯವನನ್ನು ಅವನ ಹೆಂಡತಿ ಬೈದು ಮೂರು ತಿಂಗಳಾಗಿತ್ತು. ಮದುವೆಯಾದಾಗಿನಿಂದ ಇಷ್ಟು ದೀರ್ಘವಾದ ಬರಗಾಲವನ್ನು ಆ ಮನೆ ಕಂಡಿರಲಿಲ್ಲ.

ಅವನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೆಂದು ತಿಳಿದ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, "ಔಷಧಿ ನಾವು ಕೊಡ್ತೀವಿ. ಕೈಲಾದಷ್ಟು ಕೆಲಸ ಮಾಡ್ಲಿ. ಮನಸ್ಸಿಗೆ ಮಾತ್ರ ನೋವಾಗಬಾರದು" ಎಂದಿದ್ದರು. ಔಷಧಿ ಅವನ ಪಾಲಿಗೆ ಬಂತು, ಪಥ್ಯ ಅವಳ ಪಾಲಿಗೆ ಬಂತು. ಅವನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ, "ಇರಲಿ ಬಿಡಿ, ಟವೆಲ್ ತಾನೆ" ಎನ್ನುತ್ತಿದ್ದಳು. (ಹಿಂದೆ ಅದೇ ಟವೆಲನ್ನು ಹಿಡಿದುಕೊಂಡು ಅವನ ವಂಶದ ಮೂರು ತಲೆಮಾರನ್ನು ಹಿಂಡಿ ಒಣಗಿಸಬಲ್ಲವಳಾಗಿದ್ದಳು.) ಹಾಲು ಉಕ್ಕಿಸಿದ. "ಪರವಾಗಿಲ್ಲ, ಒಲೆ ಒರೆಸಿ ತುಂಬಾ ದಿನ ಆಗಿತ್ತು." ಕೊನೆಗೆ ಅವಳ ತಮ್ಮನನ್ನು ಸೋಮಾರಿ ಎಂದ. "ನೀವು ಹೇಳೋದ್ರಲ್ಲೂ ಅರ್ಥ ಇದೆ" ಎಂದಳು.

ಆಗ ಅವನಿಗೆ ನಿಜವಾಗಿ ಭಯವಾಯಿತು. ತಮ್ಮನನ್ನೇ ಬಿಟ್ಟುಕೊಟ್ಟಳೆಂದರೆ, ಡಾಕ್ಟರು ತನಗೆ ಹೇಳದ್ದೇನನ್ನೋ ಇವಳಿಗೆ ಹೇಳಿದ್ದಾರೆ.

ಅಂಗಡಿಯಲ್ಲೂ ಅದೇ ಪಾಡು. ಔಷಧಿಯ ಕಾಟಕ್ಕೆ ಅವನ ತಲೆಕೂದಲು, ಹುಬ್ಬು, ಮೀಸೆ ಎಲ್ಲವೂ ಸಾಮೂಹಿಕವಾಗಿ ರಾಜೀನಾಮೆ ಕೊಟ್ಟಿದ್ದವು. ಗಿರಾಕಿಗಳು ಕನ್ನಡಿಯಲ್ಲಿ ಆ ಬೋಳುತಲೆಯನ್ನು ನೋಡಿ ಮೆತ್ತಗಾಗುತ್ತಿದ್ದರು. ಏನು ಹೇಳಿದರೂ ಹೌದು, ಹೌದು. ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದರೂ "ಈಚೆಗೆ ಹಾಗೇ ಆಗ್ತಿದೆ" ಎನ್ನುವವರೇ. ಅವನಿಗೆ ಬೇಕಾಗಿದ್ದು ಒಂದೇ: ಯಾರಾದರೂ ಒಬ್ಬರು, ಬದುಕಿರುವ ಮನುಷ್ಯನನ್ನು ಬೈಯುವ ಹಾಗೆ, ತನ್ನನ್ನು ಬೈಯಬೇಕು.

ಅದಕ್ಕೆ ಹೆಡ್‌ಮೇಷ್ಟ್ರನ್ನು ಆರಿಸಿಕೊಂಡ. ನಿವೃತ್ತರಾದ ಮೇಲೂ ತಪ್ಪು ಹುಡುಕುವ ಚಟ ಬಿಡದವರು. ಕಿವಿಯ ಹತ್ತಿರ ಒಂದೆಳೆ ಕೂದಲು ಉಳಿಯಿತೆಂದು ಅರ್ಧದಾರಿಯಿಂದ ವಾಪಸು ಬಂದವರು. ಅವನು ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿ, ಅವರ ಎಡಗಡೆಯ ಕೂದಲನ್ನು ಎರಡು ಬೆರಳಷ್ಟು ಹೆಚ್ಚು ಎತ್ತಿದ. ಹಿಂದುಗಡೆ ಮೆಟ್ಟಿಲು ಕೊರೆದ. ಮೇಷ್ಟ್ರು ಕನ್ನಡಿ ನೋಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಚೆನ್ನಾಗಿದೆಯಪ್ಪಾ. ತಲೆ ಹಗುರಾಯ್ತು."

"ಸರಿಯಾಗಿ ನೋಡಿ ಸಾರ್. ಎಡಗಡೆ."

"ನೋಡ್ದೆ. ಎಡಗಡೆ ಒಳ್ಳೆ ಗಾಳಿ ಆಡುತ್ತೆ."

ಹಟಕ್ಕೆ ಬಿದ್ದು ಮುಂದಿನ ತಲೆಗಳನ್ನೂ ಹಾಗೇ ಕೆತ್ತಿದ. ಹಾಲಿನವನು, ದರ್ಜಿ, ಬ್ಯಾಂಕಿನ ಕ್ಯಾಷಿಯರ್, ಒಬ್ಬರೂ ತುಟಿ ಬಿಚ್ಚಲಿಲ್ಲ. ಬೀದಿಯಲ್ಲಿ ಎದುರಾದರೆ "ನಿಮಗೂನಾ?" ಎಂದು ಕಣ್ಣಲ್ಲೇ ಕೇಳಿಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ಹೆಂಡತಿಯ ತಮ್ಮನೂ ಬಂದು ಕೂತ. ಅವನ ತಲೆಗೆ ಮಾತ್ರ ಸ್ವಲ್ಪ ಹೆಚ್ಚಿನ ಶ್ರದ್ಧೆ ಸಂದಿತು.

ತಮ್ಮ ನೇರವಾಗಿ ಅಕ್ಕನ ಮುಂದೆ ಹೋಗಿ ನಿಂತ. ಅವಳು ಅವನ ತಲೆ ನೋಡಿದಳು. ಹೊರಗೆ ಹೋಗಿ ಬೀದಿಯ ಉಳಿದ ತಲೆಗಳನ್ನೂ ನೋಡಿ ಬಂದಳು. ಆಮೇಲೆ ಅಂಗಡಿಗೆ ಹೋಗಿ, ಗಂಡನನ್ನು ಹೊರಗೆ ಕರೆದು, ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೈ ನಡುಗೋಕೆ ಶುರುವಾಗಿದೆ ಅಂತ ನನಗ್ಯಾಕೆ ಹೇಳಲಿಲ್ಲ? ನಾಳೆಯಿಂದ ಅಂಗಡಿ ಬೇಡ. ಮನೇಲಿ ಮಲಗಿ." ಅವಳ ಕಣ್ಣು ತುಂಬಿತ್ತು.

ಬೈಗುಳ ಕೇಳಲು ಹೋಗಿ ಅಂಗಡಿಯನ್ನೇ ಕಳೆದುಕೊಳ್ಳುವ ಹಾಗಾಯಿತು.

"ಕೈ ನಡುಗ್ತಿಲ್ಲ ಕಣೇ. ಬೇಕೂಂತ ಮಾಡ್ದೆ."

"ಬೇಕೂಂತ?"

"ಯಾರಾದ್ರೂ ಬೈಲಿ ಅಂತ. ನೀನಂತೂ ಬೈಯಲ್ಲ. ಡಾಕ್ಟರು ನಿನ್ನ ಹತ್ರ ಏನೋ ಹೇಳಿದ್ದಾರೆ."

"ಬೈಬೇಡಿ ಅಂತ ಹೇಳಿದ್ದಾರೆ, ಇನ್ನೇನು ಹೇಳ್ತಾರೆ? ಗಡ್ಡೆ ಕರಗ್ತಾ ಇದೆ ಅಂತ ನಿಮ್ಮೆದುರಿಗೇ ಹೇಳಲಿಲ್ವಾ? ನಾನಿಲ್ಲಿ ನಾಲಿಗೆ ಕಚ್ಚಿ ಕಚ್ಚಿ ಸಾಯ್ತಾ ಇದ್ರೆ..."

ಅಷ್ಟು ಹೇಳಿ ಪಥ್ಯ ಮುರಿದಳು. ಮೂರು ತಿಂಗಳ ಕಟ್ಟೆ ಒಂದೇ ಸಂಜೆ ಒಡೆಯಿತು. ಟವೆಲ್ ಬಂತು, ಹಾಲು ಬಂತು, ತಮ್ಮ ಎರಡು ಸಲ ಬಂದ. ನಡುವೆ ಅವನು, "ನನಗೆ ಹುಷಾರಿಲ್ಲ" ಎಂದು ನೆನಪಿಸಿ ನೋಡಿದ.

"ಹುಷಾರಿಲ್ದೋರು ಹುಷಾರಿಲ್ದೋರ ಹಾಗಿರಬೇಕು" ಎಂದಳು.

ಮರುದಿನ ಅವಳ ಮೇಲ್ವಿಚಾರಣೆಯಲ್ಲಿ ಅಂಗಡಿ ತೆರೆಯಿತು. ಕೊರೆದ ಮೆಟ್ಟಿಲುಗಳನ್ನು ಸಮಮಾಡಲು ಬೇರೆ ದಾರಿ ಕಾಣದೆ ಅಷ್ಟೂ ತಲೆಗಳನ್ನು ನುಣ್ಣಗೆ ಬೋಳಿಸಬೇಕಾಯಿತು. ವಿಷಯ ತಿಳಿದ ಗಿರಾಕಿಗಳೂ ಹಿಂದೆ ಬೀಳಲಿಲ್ಲ. ಸರದಿಯಲ್ಲಿ ಕೂತು ಬೈದರು. ನಾವು ಬೇಡಿದ್ದನ್ನು ದೇವರು ಕೊಡುವಾಗ ಅಳತೆ ನೋಡುವುದಿಲ್ಲ.

ಮುಂದಿನ ಔಷಧಿಯ ದಿನ ಹೆಂಡತಿಯ ಜೊತೆಗೆ ಹೆಡ್‌ಮೇಷ್ಟ್ರೂ ಆಸ್ಪತ್ರೆಗೆ ಬಂದರು. ಅವರು ಬೈಯುವುದಿನ್ನೂ ಮುಗಿದಿರಲಿಲ್ಲ. ನರ್ಸಮ್ಮ ಅಕ್ಕಪಕ್ಕದ ಎರಡು ಬೋಳುತಲೆಗಳನ್ನು ನೋಡಿ ಕರಗಿಹೋದಳು.

"ಇವರಿಗೋಸ್ಕರ ತಲೆ ಬೋಳಿಸ್ಕೊಂಡ್ರಾ ಸಾರ್? ಎಂಥಾ ದೊಡ್ಡ ಮನಸ್ಸು ನಿಮ್ಮದು."

"ಮನಸ್ಸೂ ಇಲ್ಲ ಮಣ್ಣೂ ಇಲ್ಲಮ್ಮ" ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡು ಮೊದಲಿನಿಂದ ಶುರುಮಾಡಿದರು. ಬಾಟಲಿಯ ಔಷಧಿ ತೊಟ್ಟು ತೊಟ್ಟಾಗಿ ಇಳಿದು ಮುಗಿಯುವವರೆಗೂ ಹೇಳಿದರು. ಅವರು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಹೆಂಡತಿ ತನ್ನದನ್ನೂ ಸೇರಿಸಿದಳು. ಕೈಗೆ ಸೂಜಿ ಚುಚ್ಚಿದ್ದರಿಂದ ಅವನಿಗೆ ಎದ್ದು ಹೋಗಲೂ ಆಗಲಿಲ್ಲ.