ನನ್ನ ಬೆನ್ನಿಗೆ ಇಬ್ಬರು ಯಜಮಾನಿಯರು

ಮನುಷ್ಯನಿಗೆ ತನ್ನ ಬೆನ್ನು ಕಾಣುವುದಿಲ್ಲ. ಅದಕ್ಕೇ ಇರಬೇಕು, ಅದರ ಉಸ್ತುವಾರಿಯನ್ನು ಸುತ್ತಲಿನವರು ವಹಿಸಿಕೊಳ್ಳುತ್ತಾರೆ. ನಾನು ಸುಳ್ಯದಲ್ಲಿ ಹೈಸ್ಕೂಲು ಓದುತ್ತಿದ್ದಾಗ ನನ್ನ ಬೆನ್ನಿಗೆ ಇಬ್ಬರು ಯಜಮಾನಿಯರಿದ್ದರು. ಶಾಲೆಯಲ್ಲಿ ಡ್ರಿಲ್ ಟೀಚರು, ಆಲೆಟ್ಟಿಯ ಮನೆಯಲ್ಲಿ ದೊಡ್ಡಮ್ಮ. ನಾನು ಆಗಲೇ ಅಪ್ಪನಷ್ಟು ಉದ್ದ ಬೆಳೆದಿದ್ದೆ. ನಾಲ್ಕು ಜನರ ನಡುವೆ ಎದ್ದು ಕಾಣಬಾರದೆಂದು ತಲೆ ತಗ್ಗಿಸಿ, ಹೆಗಲು ಮುಂದಕ್ಕೆ ತಂದು, ಇದ್ದ ಎತ್ತರವನ್ನು ಕದ್ದಿಟ್ಟುಕೊಂಡು ಓಡಾಡುತ್ತಿದ್ದೆ. ಹಾಗೆ ಮಾಡಿ ಮಾಡಿ ಬೆನ್ನಿನ ಮೇಲ್ಭಾಗ ದುಂಡಗಾಗಿತ್ತು.

ಡ್ರಿಲ್ ಟೀಚರು ಮಂಗಳೂರಿನಿಂದ ಹೊಸದಾಗಿ ಬಂದವರು. ಬಂದ ವಾರವೇ ನಮ್ಮನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದರು. ಹಿಮ್ಮಡಿ, ಹೆಗಲು, ತಲೆ ಮೂರೂ ಗೋಡೆಗೆ ತಾಗಬೇಕು. ತಾಗದವರ ತಲೆಯ ಹಿಂದೆ ಫುಟ್‌ರೂಲ್ ತೂರಿಸಿ ಅಳತೆ. ನಾವೇನು ಕಡಿಮೆಯೆ, ತಲೆ ತಾಗದಿದ್ದರೆ ಜಡೆಯನ್ನು ಮಡಚಿ ತಾಗಿಸಿದೆವು. ಅವರು ಜಡೆ ಮುಂದಕ್ಕೆ ಹಾಕಿಸಿ ಮತ್ತೆ ಅಳೆದರು. ಎಲ್ಲರಿಗಿಂತ ದೊಡ್ಡ ಅಳತೆ ನನ್ನದು. ಲೆಕ್ಕದಲ್ಲಿ ಎಂದೂ ಬಾರದ ಮೊದಲ ಸ್ಥಾನ ನನಗೆ ಹೀಗೆ ಬಂತು. ಮದ್ದು ಏನೆಂದರೆ, ಕೊಡೆಯನ್ನು ಬೆನ್ನಿನ ಹಿಂದೆ ಅಡ್ಡ ಇಟ್ಟು, ಎರಡೂ ಮೊಣಕೈಗಳಲ್ಲಿ ಸಿಕ್ಕಿಸಿಕೊಂಡು, ಎದೆ ಎತ್ತಿ ಮೈದಾನ ಸುತ್ತುವುದು. ಒಮ್ಮೆ ಮಳೆ ಬಂದಾಗ ಕೊಡೆ ಇದ್ದೂ ಒದ್ದೆಮುದ್ದೆಯಾದೆ, ಏಕೆಂದರೆ ಬಿಡಿಸಲು ಟೀಚರು ಹೇಳಿರಲಿಲ್ಲ. ಆದರೆ ವರ್ಷ ಮುಗಿಯುವಾಗ ನನ್ನ ತಲೆ ಗೋಡೆಗೆ ತಾಗಿತು. "ಈಗ ನೋಡು, ಎಷ್ಟು ಚಂದ ಕಾಣ್ತಿ" ಎಂದರು ಟೀಚರು. ಅಲ್ಲಿಯವರೆಗೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಮನೆಯಲ್ಲಿ ದೊಡ್ಡಮ್ಮನ ಕಾನೂನೇ ಬೇರೆ. "ಎಂತ ಮಾರಾಯ್ತಿ, ಪೊಲೀಸಿನವರ ಹಾಗೆ ನಡೆಯುದು? ನಿನ್ನ ಉದ್ದಕ್ಕೆ ಗಂಡು ಎಲ್ಲಿಂದ ತರುದು? ಸ್ವಲ್ಪ ಬಗ್ಗು." ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವರು ಅವರು. ಎದುರಾಡಲು ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಮನೆ ಸಮೀಪ ತೋಡಿನ ನೀರು ದಾಟಲು ಹಾಕಿದ್ದ ಮರದ ಸಂಕದವರೆಗೆ ಟೀಚರು ಹೇಳಿದ ಬೆನ್ನು, ಸಂಕ ದಾಟಿದ ಮೇಲೆ ದೊಡ್ಡಮ್ಮ ಹೇಳಿದ ಬೆನ್ನು.

ಓದು ಮುಗಿದ ಮೇಲೆ ಕಡಬದ ಕಡೆಯ ಮಾಸ್ತರರೊಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ನನ್ನನ್ನು ನೋಡಲು ಬಂದರು. ಹುಡುಗ ಗಿಡ್ಡ ಎಂದು ದೊಡ್ಡಮ್ಮನಿಗೆ ಯಾರೋ ಹೇಳಿದ್ದರಂತೆ. ಅವರು ನನ್ನ ಹೆಗಲ ಮೇಲೆ ಕೈ ಊರಿಕೊಂಡೇ ಚಾವಡಿಗೆ ಕರೆತಂದರು. ನನಗೆ ಕಂಡದ್ದು ನೆಲ, ಬಂದವರಿಗೆ ಕಂಡದ್ದು ನನ್ನ ಬೈತಲೆ.

"ನಿಮಗೆ ಎಂತ ಓದುದು ಇಷ್ಟ?" ಎಂದು ಮಾಸ್ತರರು ಕೇಳಿದರು.

"ಕಥೆ ಪುಸ್ತಕ" ಎಂದು ನೆಲಕ್ಕೆ ಹೇಳಿದೆ.

"ಒಳ್ಳೇದಾಯ್ತು. ನಮ್ಮ ಶಾಲೆಯಲ್ಲಿ ಒಂದು ಕಪಾಟು ತುಂಬ ಉಂಟು."

ಅಷ್ಟಕ್ಕೇ ನನ್ನ ಮನಸ್ಸು ಕಪಾಟಿನವರೆಗೆ ಹೋಗಿ ಪುಸ್ತಕ ಆರಿಸತೊಡಗಿತ್ತು. ಹೊರಡುವಾಗ ಕದ್ದು ನೋಡಿದೆ. ಅಪ್ಪ ಸಲೀಸಾಗಿ ದಾಟುವ ಬಾಗಿಲಲ್ಲಿ ಅವರು ತಲೆ ತಗ್ಗಿಸಬೇಕಾಯಿತು. ಈಗಲೇ ನೆಟ್ಟಗೆ ನಿಲ್ಲಬೇಕು ಎಂದುಕೊಂಡೆ. ಹೆಗಲ ಮೇಲಿದ್ದದ್ದು ಮುದುಕಿಯ ಕೈ, ಹೆಚ್ಚೇನೂ ಭಾರವಿರಲಿಲ್ಲ. ಆದರೂ ನಾನು ನೆಟ್ಟಗಾಗಲಿಲ್ಲ. ಅವರು ಹೊರಗಿನಿಂದ ಒಮ್ಮೆ ತಿರುಗಿಯೂ ನೋಡಿದರು.

ಹುಡುಗಿಯ ಬೆನ್ನಿನಲ್ಲಿ ಏನೋ ತೊಂದರೆ ಇದ್ದಂತಿದೆ ಎಂದು ಆ ಕಡೆಯಿಂದ ಸುದ್ದಿ ಬಂತು. ದೊಡ್ಡಮ್ಮ ಅಂದು ಸರಿಯಾಗಿ ಊಟ ಮಾಡಲಿಲ್ಲ. ಅವರ ಮೇಲೆ ಸಿಟ್ಟು ಮಾಡಲು ನನಗೂ ಆಗಲಿಲ್ಲ. ಸಂಕಟ ಮಾತ್ರ ಉಳಿಯಿತು.

ಕೆಲವು ವರ್ಷಗಳ ನಂತರ ಪುತ್ತೂರಿನ ಬಸ್ ನಿಲ್ದಾಣದಲ್ಲಿ ಅಪ್ಪನ ಜೊತೆ ನಿಂತಿದ್ದೆ. ದೊಡ್ಡಮ್ಮ ಆಗ ಬದುಕಿರಲಿಲ್ಲ. ಬೆನ್ನು ನನ್ನದೇ ಸುಪರ್ದಿಗೆ ಬಂದು ನೆಟ್ಟಗಿತ್ತು. ಮಗುವೊಂದನ್ನು ಎತ್ತಿಕೊಂಡು ಬಂದ ಆ ಮಾಸ್ತರರು ಅಪ್ಪನಿಗೆ ಕೈಮುಗಿದು, ನನ್ನನ್ನು ನೋಡಿ, "ಇವರು ದೊಡ್ಡ ಮಗಳಾ?" ಎಂದರು. ಅಪ್ಪ ಬಸ್ಸಿನ ಬೋರ್ಡು ಓದತೊಡಗಿದರು.

"ನಾನು ಬಂದು ನೋಡಿದ್ದೆನಲ್ಲ, ನಿಮ್ಮ ತಂಗಿ, ಅವರ ಬೆನ್ನು ಗುಣ ಆಯ್ತಾ?" ಎಂದು ನನ್ನನ್ನೇ ಕೇಳಿದರು. "ಅಮ್ಮ ಹೆದರಿದರು. ನಾನು ಸ್ವಲ್ಪ ಗಟ್ಟಿ ನಿಲ್ಲಬೇಕಿತ್ತು. ಬೇಜಾರು ಮಾಡಬೇಡಿ ಅಂತ ಅವರಿಗೆ ಹೇಳಿ."

"ಗುಣ ಆಗಿದೆ. ಹೇಳ್ತೇನೆ" ಎಂದೆ.

ನನಗೆ ತಂಗಿ ಇಲ್ಲ. ಆದರೂ ಕೊಟ್ಟ ಮಾತಿಗೆ ತಪ್ಪಬಾರದೆಂದು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತು, ಸುಳ್ಯ ಬರುವವರೆಗೂ ಅವಳಿಗೆ ಹೇಳುತ್ತಲೇ ಬಂದೆ.